ಸಂಜೆ ಏಳರ ಸಭೆ

ಅಲಬಾಮಾದ ನಮ್ಮ ಪುಟ್ಟ ಊರಿನಲ್ಲಿ ನಗರಸಭೆ ಸೇರುತ್ತಿದ್ದದ್ದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿನಲ್ಲಿ ರೈಲು ಹಳಿಯ ಈಚೆಗಿನ ಕರಿಯರಾದ ನಾವೆಲ್ಲ ಕೋಳಿ ಕಾರ್ಖಾನೆಯಲ್ಲಿ ಕತ್ತಿ ಹಿಡಿದು ನಿಂತಿರುತ್ತಿದ್ದೆವು. ಹಳಿಯ ಆಚೆಗಿನ ಅಂಗಡಿ, ಜಮೀನು ಉಳ್ಳ ಬಿಳಿಯರು ಕಾಫಿ ಕುಡಿಯುತ್ತ ಊರಿನ ಎಲ್ಲವನ್ನೂ ತೀರ್ಮಾನಿಸುತ್ತಿದ್ದರು. ಮಳೆ ಬಂದರೆ ನಮ್ಮ ಬೀದಿಯ ಚರಂಡಿ ನೀರು ಮನೆಯ ಮೆಟ್ಟಿಲು ಹತ್ತುತ್ತಿತ್ತು. ದೂರಿದರೆ, "ಸಭೆಗೆ ಬಂದು ಹೇಳಿ" ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಲ್ಲುವ ವರ್ಲೀನ್ ಟೇಟಮ್ ಒಮ್ಮೆ ಒಂದು ದಿನದ ಸಂಬಳ ಬಿಟ್ಟು ಸಭೆಗೆ ಹೋಗಿಯೇ ಬಿಟ್ಟಳು. ಮೇಯರ್ ರಸ್ಕ್ ಗಡಿಯಾರ ನೋಡಿ, "ಮುಂದಿನ ಸಭೆಗೆ ಇಟ್ಕೊಳ್ಳೋಣಮ್ಮ" ಅಂದನಂತೆ.

ಮರುದಿನ ಅವಳು ಕೋಳಿಯ ರೆಕ್ಕೆ ಕತ್ತರಿಸುತ್ತ, "ಈ ಸಲ ಚುನಾವಣೆಗೆ ನಾನೇ ನಿಲ್ತೀನಿ ಕಣೇ" ಅಂದಳು.

"ತಲೆಗಿಲೆ ಕೆಟ್ಟಿದ್ಯಾ?"

"ದಿನವೆಲ್ಲ ಇಲ್ಲಿ ನಿಂತೇ ಇರ್ತೀನಲ್ಲ. ಅಲ್ಲೂ ನಿಂತ್ರೆ ಕಾಲೇನು ಸವೆಯುತ್ತಾ?"

ಭಾನುವಾರಗಳಂದು ಚರ್ಚಿನ ಊಟ ಮುಗಿಸಿ ಮನೆಮನೆಗೆ ಹೋದೆವು. ನಮ್ಮ ವಾರ್ಡಿಗೆ ರಸ್ಕ್‌ನ ಭಾವಮೈದನೇ ಪ್ರತಿ ಸಲ ಎದುರಾಳಿಯಿಲ್ಲದೆ ಗೆಲ್ಲುತ್ತಿದ್ದ. ಈ ಸಲ ಜನ ಸಾಲುಗಟ್ಟಿ ಬಂದು ವೋಟು ಹಾಕಿದರು. ವರ್ಲೀನ್ ಗೆದ್ದಳು.

ಮೊದಲ ಸಭೆಯಲ್ಲೇ ಅವಳು, ಇನ್ನು ಮುಂದೆ ಸಂಜೆ ಏಳಕ್ಕೆ ಸೇರೋಣ ಎಂದು ಕೇಳಿದಳು.

"ಬೆಳಗಿನ ಸಭೆ ನಮ್ಮೂರಿನ ಸಂಪ್ರದಾಯ" ಅಂದ ರಸ್ಕ್.

"ನೀವು ತಿನ್ನೋ ಕೋಳಿನ ಆಗ ನಾನು ಕೊಯ್ತಿರ್ತೀನಿ ಸ್ವಾಮಿ. ಬೆಳಿಗ್ಗೇನೇ ಬೇಕು ಅಂದ್ರೆ ಕೋಳಿ ನೀವೇ ಕೊಯ್ಕೊಳ್ಳಿ."

ಸಭೆಯ ಸದಸ್ಯ, ಬಿಳಿಯ ರೈತ ಮುದುಕ ಹ್ಯಾಸ್ಕೆಲ್ ಹೊಟ್ಟೆ ಹಿಡಿದು ನಕ್ಕು ಕೈ ಎತ್ತಿದ. "ನಂಗೂ ಹೊಲದ ಕೆಲಸ ಕೆಡ್ತಿತ್ತು. ಇಷ್ಟು ವರ್ಷ ಬಾಯಿ ಬಿಡೋಕೆ ಧೈರ್ಯ ಇರ್ಲಿಲ್ಲ, ಅಷ್ಟೆ." ಅವನನ್ನು ನೋಡಿ ಇನ್ನೊಬ್ಬಳು ಸದಸ್ಯೆಯೂ ಕೈ ಎತ್ತಿದಳು. ಐವರಲ್ಲಿ ಮೂವರು ಒಪ್ಪಿದಂತಾಯಿತು.

ಮೊದಲ ಸಂಜೆ ನಾವು ಕೆಲಸದಿಂದ ನೇರವಾಗಿ ಹೋದೆವು, ಮೈಯೆಲ್ಲ ಕೋಳಿಯ ವಾಸನೆ. ಕುರ್ಚಿ ಸಾಲಲಿಲ್ಲ, ಹ್ಯಾಸ್ಕೆಲ್ ತನ್ನ ಟ್ರಕ್ಕಿನಲ್ಲಿ ಚರ್ಚಿನ ಕುರ್ಚಿಗಳನ್ನು ಹೇರಿಕೊಂಡು ಬಂದ. ಮುಂದಿನ ಸಾಲಿನಲ್ಲಿ ಕೂತವಳು ಯೂಲೇಲಿಯಾ ಅಜ್ಜಿ. ಹರೆಯದಲ್ಲಿ ಆ ಕಟ್ಟಡದ ನೆಲ ಒರೆಸಿದ್ದಳು, ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಅವಳು ಎದ್ದು ಚರಂಡಿಯ ಮಾತು ತೆಗೆದಳು. ಹಾವು ಅಡುಗೆಮನೆಗೆ ಬಂದದ್ದು, ಒಲೆ ಮುಳುಗಿದ್ದು, ಮೊಮ್ಮಗಳಿಗೆ ಜ್ವರ ಹತ್ತಿದ್ದು, ಒಂದನ್ನೂ ಬಿಡಲಿಲ್ಲ.

ರಸ್ಕ್ ಮೇಜು ತಟ್ಟಿದ. "ಅಜ್ಜಿ, ನಿಮ್ಮ ಸಮಯ ಮುಗೀತು."

"ಎಂಬತ್ತು ವರ್ಷ ನಾನು ಕಾದಿದೀನಿ ಮಗಾ. ಇನ್ನು ಸ್ವಲ್ಪ ಹೊತ್ತು ನೀನು ಕಾಯಿ."

ಸಭೆಗೆ ಸಭೆಯೇ ನಕ್ಕಿತು. ರಸ್ಕ್ ಕೂಡ ನಗು ತಡೆಯಲಾರದೆ ತಲೆ ತಗ್ಗಿಸಿದ.

ವಸಂತದಲ್ಲಿ ಚರಂಡಿ ಅಗೆಯುವ ಯಂತ್ರ ನಮ್ಮ ಬೀದಿಗೆ ಬಂತು. ಬೀದಿ ದೀಪಕ್ಕೆ ಇನ್ನೂ ಜಗಳ ನಡೆದಿದೆ. ಈಗ ಮಂಗಳವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಅಡುಗೆ ಬೇಗ ಆಗುತ್ತದೆ. ತಡವಾಗಿ ಹೋದವರಿಗೆ ಗೋಡೆಗೆ ಒರಗಿ ನಿಲ್ಲುವುದೇ ಗತಿ.