ನಲವತ್ತೇಳನೇ ಬಿಲ

ಸಿಗ್ವೋರಳಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೇಳನೇ ಗೂಟದ ಬುಡದ ಬಿಲಕ್ಕೆ ಭುಜದವರೆಗೂ ತೋಳು ತೂರಿಸಿ ಹೊರಗೆಳೆದ ಪಫಿನ್ ಎಂಬ ಕಡಲಹಕ್ಕಿ ಅವಳ ತೊಡೆಯ ಮೇಲೆ ಕೊಸರಾಡುತ್ತಿತ್ತು. ಅದರ ಕಾಲಬಳೆಯ ಸಂಖ್ಯೆಯನ್ನು ಹಳೆಯ ಲೆಕ್ಕದ ಪುಸ್ತಕದಲ್ಲಿ ಹುಡುಕಿದಳು. ಒಂಬತ್ತು ವರ್ಷದ ಹಿಂದೆ ಅವಳದೇ ಕೈಬರಹ: ‘ಗೂಟವಿಲ್ಲದ ಬಿಲ. ನಲವತ್ತೇಳರಿಂದ ಹನ್ನೊಂದು ಹೆಜ್ಜೆ ಮೇಲೆ.’

ಪಫಿನ್ ಒಮ್ಮೆ ಹಿಡಿದ ಬಿಲವನ್ನು ಸುಮ್ಮಸುಮ್ಮನೆ ಬಿಡುವ ಜಾತಿಯಲ್ಲ. ಹಾಗಾದರೆ ಜಾಗ ಬದಲಿಸಿದ್ದು ಹಕ್ಕಿಯಲ್ಲ, ಗೂಟ. ಹಕ್ಕಿಯನ್ನು ಬಿಲದೊಳಕ್ಕೆ ಬಿಟ್ಟು, ಹನ್ನೊಂದು ಹೆಜ್ಜೆ ಕೆಳಗಿಳಿದು ನೋಡಿದಳು. ಹುಲ್ಲು ಮುಚ್ಚಿದ ಹಳೆಯ ಬಿಲ, ಬಾಯಿಗೆ ಜೇಡರ ಬಲೆ. ಕೈಹಾಕಿದರೆ ತಣ್ಣನೆಯ ಮಣ್ಣು.

ಉತ್ತರ ನಾರ್ವೆಯ ಈ ದ್ವೀಪದಲ್ಲಿ ಅವಳು ಇಪ್ಪತ್ತೆಂಟು ವರ್ಷಗಳಿಂದ ನೋಡುತ್ತಿದ್ದುದು ಗುರುತಿಗೆ ಸಂಖ್ಯೆಯ ಗೂಟ ನೆಟ್ಟ ಅವೇ ಅರವತ್ತು ಬಿಲಗಳನ್ನು. ಎಷ್ಟರಲ್ಲಿ ಹಕ್ಕಿ ಇದೆ, ಎಷ್ಟು ಖಾಲಿ, ಅಷ್ಟೇ ಲೆಕ್ಕ. ಚಳಿಗಾಲದ ಬಿರುಗಾಳಿ ಕಿತ್ತ ಗೂಟಗಳನ್ನು ಏಪ್ರಿಲ್‌ನಲ್ಲಿ ಮತ್ತೆ ನೆಡುವವನು ತಮ್ಮ ಐಲಿಫ್.

“ಐಲಿಫ್, ಬಾ ಇಲ್ಲಿ.”

ದೋಣಿ ಕಟ್ಟುತ್ತಿದ್ದ ಐವತ್ತೆಂಟರ ಮೀನುಗಾರ ಏದುಸಿರು ಬಿಡುತ್ತ ಹತ್ತಿ ಬಂದ.

“ಈ ಗೂಟ ಎಲ್ಲಿತ್ತೋ?”

“ಇಲ್ಲೇ ಇತ್ತಲ್ಲಕ್ಕ.”

“ನನ್ನ ಕಿವಿ ಮೇಲೆ ಹೂ ಇಡ್ಬೇಡ. ಎಷ್ಟು ಗೂಟ ಸರಿಸಿದ್ದೀಯ?”

ಅವನು ನೆಲ ನೋಡಿದ. “ಹತ್ತೊಂಬತ್ತು. ಮೂರು ವರ್ಷ ಆಯ್ತು.”

ಹಕ್ಕಿಗಳು ಕಡಿಮೆಯಾಗಿಲ್ಲ ಎಂಬ ವರದಿಗೆ ಅವಳೇ ಸಹಿ ಹಾಕಿ ಕಳಿಸಿದ್ದಳು. ಅದನ್ನು ನಂಬಿ ಮೀನುಗಾರಿಕೆ ಕಚೇರಿಯವರು ಹೋದ ವರ್ಷ ದ್ವೀಪದ ಸುತ್ತಲ, ಹಕ್ಕಿಗಳು ತಿಂದು ಬದುಕುವ ಕಿರುಮೀನನ್ನು ದೊಡ್ಡ ಹಡಗುಗಳಿಗೆ ಬಿಟ್ಟುಕೊಟ್ಟಿದ್ದರು. ಈ ವರ್ಷದ ವರದಿ ನೋಡಿ ಅದನ್ನೇ ಮುಂದುವರಿಸುವವರಿದ್ದರು.

“ಹಡಗಿನವರು ಎಷ್ಟು ತಿನ್ನಿಸಿದ್ರು ನಿಂಗೆ?”

“ಹಂಗನ್ಬೇಡಕ್ಕ.” ಅವನ ಮುಖ ಕೆಂಪಾಯಿತು. “ಅದರ ಹಿಂದಿನ ವರ್ಷ ನೀನು ದಿನಾ ಬಂದು ಖಾಲಿ, ಖಾಲಿ ಅಂತ ಬರ್ಕೊಂಡು, ತಟ್ಟೇಲಿದ್ದ ಮೀನು ಆಲೂಗಡ್ಡೆ ಮುಟ್ಟದೆ ಮಲಗ್ತಿದ್ದೆ. ನಂಗೆ ನೋಡಕ್ಕಾಗ್ಲಿಲ್ಲ. ಮುಂದಿನ ಸಲ ಹಕ್ಕಿ ಇರೋ ಬಿಲದ ಹತ್ರ ಗೂಟ ನೆಟ್ಟೆ. ಆ ವರ್ಷ ನೀನು ನಕ್ಕೆ.”

ಕೆನ್ನೆಗೆ ಬಾರಿಸಬೇಕೆನ್ನಿಸಿತು ಅವಳಿಗೆ. ನಕ್ಕಿದ್ದು ನಿಜ ಎಂಬುದೇ ಹೆಚ್ಚು ಉರಿಸಿತು.

“ನನ್ನ ನಗೂಗೋಸ್ಕರ ಇವುಗಳ ಬಾಯಿಗೆ ಮಣ್ಣು ಹಾಕ್ದೆಯಲ್ಲೋ. ನನ್ನ ಕೈಲೇ ಹಾಕಿಸ್ದೆ. ಹಳೇ ಬಿಲ ಒಂದೊಂದೂ ತೋರ್ಸು. ಕೈ ನೀನೇ ಹಾಕ್ಬೇಕು. ಏನಿದೆ ಅಂತ ನೀನೇ ಕೂಗಿ ಹೇಳ್ಬೇಕು.”

ಅವನು ಮೊದಲನೆಯದರ ಮುಂದೆ ಮಂಡಿಯೂರಿ ತೋಳು ತೂರಿಸಿದ. ತುಂಬ ಹೊತ್ತು ತಡಕಾಡಿದ. “ಖಾಲಿ,” ಎಂದು ಗೊಣಗಿದ.

“ಕೇಳಿಸ್ಲಿಲ್ಲ.”

“ಖಾಲಿ, ಅಕ್ಕ.”

ಅವಳು ಬರೆದುಕೊಂಡಳು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅವನ ದನಿ ಒಡೆದಿತ್ತು, ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಬಿಲದಿಂದ ಕೈ ತೆಗೆಯದೆ ಹಾಗೇ ಮಣ್ಣಿಗೆ ಕೆನ್ನೆಯೊತ್ತಿ ಮಲಗಿಬಿಟ್ಟ.

“ಸಾಕು ಮಾಡಕ್ಕ.”

“ಇನ್ನೂ ಏಳು ಇದೆ,” ಅಂದಳು ಸಿಗ್ವೋರ್, “ಏಳು.”