ಏಳನೆಯ ಗಾಜು

ಕುಶಾಲನಗರದ ಹತ್ತಿರವಿರುವ ನಮ್ಮ ಲ್ಯಾಬಿನಲ್ಲಿ ನಾನು ಬೆಳೆಯುವ ಬೆಳೆ ಕಣ್ಣಿಗೆ ಕಾಣುವುದಿಲ್ಲ. ಸತುವಿನ ಲವಣ ಕರಗಿಸಿದ ನೀರಿನಲ್ಲಿ, ವಿದ್ಯುತ್ ಹರಿಯುವ ಗಾಜಿನ ಚೂರನ್ನು ಮುಖ ಕೆಳಗೆ ಮಾಡಿ ಮುಳುಗಿಸಿ ಆರು ಗಂಟೆ ಓವನ್ನಿನಲ್ಲಿಟ್ಟರೆ, ಅದರ ಮೇಲೆ ಜಿಂಕ್ ಆಕ್ಸೈಡಿನ ಕಡ್ಡಿಗಳು ಏಳುತ್ತವೆ. ತಲೆಗೂದಲಿಗಿಂತ ಸಾವಿರ ಪಾಲು ಸಣ್ಣವು. ಬೆಳಕು ಬಿದ್ದರೆ ಅವು ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುತ್ತವೆ, ಕರೆಂಟ್ ಹುಟ್ಟುತ್ತದೆ. "ಶುಂಠಿ ಬೆಳೆದಿದ್ರೆ ಟೀಗಾದ್ರೂ ಆಗೋದು" ಎಂದು ನಮ್ಮಪ್ಪ ಸಣ್ಣಸ್ವಾಮಿ ಐದು ವರ್ಷದಿಂದ ರೇಗಿಸುತ್ತಿದ್ದಾರೆ.

ಏಳನೆಯ ಗಾಜು ಉಳಿದವಕ್ಕಿಂತ ಹತ್ತುಪಟ್ಟು ಕರೆಂಟ್ ಕೊಟ್ಟಿತು. ನನ್ನ ಗೈಡ್ ಕುಶಾಲಪ್ಪ ಸರ್ ಕುಣಿಯುವುದೊಂದು ಬಾಕಿ. ನನ್ನ ಪ್ರಬಂಧವೆಲ್ಲ ಆ ಅಂಕಿಯ ಮೇಲೇ ನಿಂತಿತು. ಪರೀಕ್ಷಕರು ಬಂದು ನೋಡಿ ಒಪ್ಪಿ, ಸರ್ ಸಹಿ ಹಾಕಿದರೆ ಈ ವರ್ಷವೇ ಪಿಎಚ್‌ಡಿ.

ಅವರು ಬರುವ ಹಿಂದಿನ ದಿನ ಉಪಕರಣ ತೊಳೆಯುವಾಗ, ಗಾಜನ್ನು ಕಚ್ಚಿ ಹಿಡಿದು ತಂತಿಗೆ ಜೋಡಿಸುವ ತಾಮ್ರದ ಕ್ಲಿಪ್ಪಿನ ಹಲ್ಲಿನಲ್ಲಿ ಹಸಿರು ಕಿಲುಬು ಕಂಡಿತು. ಕ್ಲಿಪ್ ಕಚ್ಚುವ ಜಾಗಕ್ಕೆ ಉಗುರುಬಣ್ಣ ಬಳಿದು, ಲೋಹಕ್ಕೆ ನೀರು ತಾಗದಂತೆ ಮಾಡುವುದು ನಮ್ಮ ಪದ್ಧತಿ. ಏಳನೆಯದಕ್ಕೆ ಬಳಿದದ್ದನ್ನು ಬಸ್ಸಿನ ಅವಸರದಲ್ಲಿ ಒಣಗಲು ಬಿಟ್ಟಿರಲಿಲ್ಲ. ಬಣ್ಣ ಸುಲಿದುಹೋಗಿತ್ತು. ಕರೆಂಟ್ ಬಂದದ್ದು ಕ್ಲಿಪ್ ಕರಗಿ. ಬೆಳಕಿಲ್ಲದೆಯೂ ಕರೆಂಟ್ ಬರುತ್ತದೆಯೇ ಎಂದು ಕತ್ತಲಲ್ಲಿ ಅಳೆಯಬೇಕಾದ ಲೆಕ್ಕವನ್ನೂ ಹಳೆಯ ಗಾಜಿನಿಂದ ಎತ್ತಿ ಬರೆದಿದ್ದೆ. ತಪ್ಪು ನನ್ನದೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಓಡಿಹೋಗಿ ಸರ್‌ಗೆ ಹೇಳಿದೆ.

"ನೋಡಮ್ಮ ಸೌಮ್ಯ, ನಾಳೆ ದೀಪ, ಕರೆಂಟ್ ಅಳೆಯೋ ಮಿಷನ್ ಎರಡೂ ಒಟ್ಟಿಗೇ ಹಾಕು. ದೀಪ ಆರ್ಸು ಅಂತ ಯಾರೂ ಕೇಳಲ್ಲ," ಎಂದರು. "ಆರ್ಸಿದ್ರೆ ನನ್ನ ಸಹಿ ಇರಲ್ಲ" ಎಂದೂ ಸೇರಿಸಿದರು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ ಎಂದುಕೊಂಡೆ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಐದು ವರ್ಷ ಓವನ್ ಕಾದವಳು ನಾನು, ಆ ಕ್ಲಿಪ್ಪಲ್ಲ.

ಪರೀಕ್ಷಕರಾಗಿ ಮೈಸೂರಿನಿಂದ ಕಾಮಾಕ್ಷಮ್ಮ ಮೇಡಂ ಬಂದರು. ಏಳನೆಯ ಗಾಜನ್ನು ಅದೇ ಹಳೆಯ ಕ್ಲಿಪ್ಪಿನಲ್ಲಿ ನೀರಿಗಿಳಿಸಿ ಎರಡೂ ಸ್ವಿಚ್ ಒತ್ತಿದೆ. ಪರದೆಯ ಮೇಲೆ ಗೆರೆ ಏರಿ ನಿಂತಿತು. ಮೇಡಂ ತಲೆದೂಗಿದರು. ಸರ್ ಮುಖ ಅರಳಿತು. ನಾನು ಒಂದು ರಟ್ಟು ತೆಗೆದು ದೀಪಕ್ಕೆ ಅಡ್ಡ ಹಿಡಿದೆ. ಗೆರೆ ಇಳಿಯಲಿಲ್ಲ.

"ಇದು ಬೆಳಕಿನ ಕರೆಂಟಲ್ಲ ಮೇಡಂ, ಕ್ಲಿಪ್ ಕರಗ್ತಿರೋದು. ತಪ್ಪು ನಂದೇ."

ಸರ್ ಕುರ್ಚಿ ಸರಿಸಿ ಎದ್ದರು. ಸರಿಯಾಗಿ ಬಣ್ಣ ಒಣಗಿಸಿದ್ದ ಇನ್ನೊಂದು ಗಾಜನ್ನು, ಹೊಸ ಕ್ಲಿಪ್ ಹಾಕಿ ಇಳಿಸಿದೆ. ಗೆರೆ ಒಂದಿಷ್ಟೇ ತಲೆಯೆತ್ತಿತು. ರಟ್ಟು ಹಿಡಿದೆ, ಬಿತ್ತು. ತೆಗೆದೆ, ಎದ್ದಿತು.

"ಇಷ್ಟೇನಾ?" ಎಂದರು ಮೇಡಂ.

"ಇಷ್ಟೇ."

"ಇಷ್ಟಕ್ಕೆ ನಾನು ಸಹಿ ಹಾಕಲ್ಲ" ಎಂದರು ಸರ್.

ಮೇಜಿನ ಮೇಲಿದ್ದ ಪ್ರಬಂಧ ಬಿಡಿಸಿ, ಏಳನೆಯ ಗಾಜಿನ ಅಂಕಿಯನ್ನು ಅವರೆದುರಿಗೇ ಹೊಡೆದುಹಾಕಿದೆ. ಪಕ್ಕದಲ್ಲಿ ಆ ಸಣ್ಣ ಅಂಕಿ ಬರೆದು ಪ್ರಬಂಧವನ್ನು ಸರ್ ಕಡೆಗೆ ತಳ್ಳಿದೆ.

"ಸಹಿ ನಿಮ್ಮಿಷ್ಟ ಸರ್. ಅಂಕಿ ಮಾತ್ರ ಇದೇ."