ಅಳದ ಕೂಸಿನ ಕೈಗೆ ಬಳೆ

ಮಾನ್ಯ ವಾಚಕ ಮಹಾಶಯರೇ, ಊರೂರು ಅಲೆಯುವವನಿಗೆ ಪರಿಚಯಸ್ಥರು ಬಹಳ, ಆಪ್ತರು ವಿರಳ ಎಂಬ ಸಂಗತಿಯನ್ನು ತಮ್ಮ ಸನ್ನಿಧಿಯಲ್ಲಿ ಮೊದಲೇ ನಿವೇದಿಸಿ, ಲಕ್ಷ್ಮೇಶ್ವರದ ಬಳೆಗಾರ ಗೌಸಸಾಬನ ಒಂದು ಬೆಳಗಿನ ವೃತ್ತಾಂತಕ್ಕೆ ತಮ್ಮನ್ನು ಕರೆದೊಯ್ಯುತ್ತೇನೆ.

ಡೋಣಿ ಎಂಬ ಊರಿನಲ್ಲಿ ಅಮೃತವ್ವ ಎಂಬ ಮುದುಕಿ ಅವನನ್ನು ತನ್ನ ಮನೆಯ ಕಟ್ಟೆಗೆ ಕರೆದಳು. ಎಳೆಯ ಮೊಮ್ಮಗಳಿಗೆ ಕರಿಬಳೆ ತೊಡಿಸಬೇಕಿತ್ತು. ಓಣಿಯ ಹೆಂಗಸರು ತಮ್ಮ ಸರದಿಗಾಗಿ ಸುತ್ತ ಕುಳಿತರು. ಸೊಸೆ ಶೈಲಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೈಯನ್ನು ಮುಂದೆ ಹಿಡಿದಳು.

ಎಂಥ ಹಸುಗೂಸಾದರೂ ಬಳೆಗಾರ ಕೈ ಹಿಡಿದಾಗ ಬೆರಳು ಮುದುಡಿ ಒಂದಿಷ್ಟು ಎಳೆದಾಡುತ್ತದೆ. ಈ ಕೈ ಎಳೆದಾಡಲಿಲ್ಲ. ಹಿಂಜಿದ ಅರಳೆಯಂತೆ ಅವನ ಅಂಗೈಯಲ್ಲಿ ಬಿದ್ದುಕೊಂಡಿತು. ಗಿಡ್ಡ ಬೆರಳು, ಅಂಗೈಗೆ ಅಡ್ಡಲಾಗಿ ಒಂದೇ ಗೆರೆ. ಅಂಥ ಗೆರೆ ಯಾರ ಕೈಯಲ್ಲಾದರೂ ಇರಬಹುದೆಂದು ತನಗೆ ತಾನೇ ಹೇಳಿಕೊಂಡು ಮುಖ ನೋಡಿದ. ಮೇಲಕ್ಕೆ ಓರೆಯಾದ ಕಣ್ಣು, ಚಪ್ಪಟೆ ಮೂಗು. ತನ್ನ ಮಗಳು ರುಹಿಯೇ ಮತ್ತೆ ಕೂಸಾಗಿ ಅಲ್ಲಿ ಮಲಗಿದಂತಿತ್ತು.

“ಭಾಳ ಶಾಣ್ಯಾ ಕೂಸಪಾ. ಅಳೂದಂದ್ರ ಗೊತ್ತಿಲ್ಲ ಇದಕ್ಕ,” ಎಂದಳು ಅಮೃತವ್ವ.

ಹಾಲು ಕುಡಿಯುವಾಗ ಮಾತ್ರ ನಡುವೆಯೇ ದಣಿದು ಬಿಟ್ಟುಬಿಡುತ್ತದೆ, ಹಣೆಯೆಲ್ಲ ಬೆವರುತ್ತದೆ ಎಂದು ಶೈಲಾ ಮೆಲ್ಲಗೆ ಸೇರಿಸಿದಳು. “ಅಪ್ಪನ್ನ ಹೋಲತೈತಿ ಬಿಡವಾ, ಉಣ್ಣಾಕೂ ಬ್ಯಾಸರ,” ಎಂದು ನೆರೆಯವಳೊಬ್ಬಳು ಚೇಷ್ಟೆ ಮಾಡಿದಾಗ ಕಟ್ಟೆಯೆಲ್ಲ ನಕ್ಕಿತು.

ಗೌಸಸಾಬ ನಗಲಿಲ್ಲ. ಶುಭಕ್ಕೆಂದು ಕರೆಸಿಕೊಂಡ ಬಳೆಗಾರ ಕೇಡಿನ ಮಾತಾಡಿದರೆ ಈ ಓಣಿ ತನಗೆ ಮತ್ತೆ ಕೈ ಚಾಚದು. ಸುಮ್ಮನಿದ್ದರೆ ಈ ಕೂಸಿನ ದಣಿವನ್ನು ಎಲ್ಲರೂ ಶಾಣ್ಯಾತನವೆಂದೇ ಕೊಂಡಾಡುತ್ತಾರೆ. ಬಳೆ ತೊಡಿಸಿ ಮುಗಿಸಿದ ಮೇಲೆ ಬಾಯಿಬಿಟ್ಟ.

“ತಂಗಿ, ಕೂಸಿನ ಎದಿ ಒಮ್ಮೆ ದೊಡ್ಡ ಡಾಕ್ಟರ್‌ಗೆ ತೋರಸ್ರಿ. ನನ್ನ ಮಗಳೂ ಹಿಂಗ ಇದ್ಲು. ಡೌನ್ ಸಿಂಡ್ರೋಮ್ ಅಂದ್ರು. ಎದ್ಯಾಗ ತೂತಿತ್ತು. ಆಪರೇಶನ್ ಆದಮ್ಯಾಲ ಆರಾಮಾದ್ಲು.”

ನಗು ನಿಂತಿತು. ಅದು ಹುಟ್ಟಿನಿಂದಲೇ ಬರುವಂಥದ್ದು, ಮೈಯ ಕಣಕಣದಲ್ಲೂ ವರ್ಣತಂತು ಒಂದು ಹೆಚ್ಚಾಗಿರುತ್ತದೆಯಂತೆ, ತಾಯಿಯ ತಪ್ಪಲ್ಲ, ಗ್ರಹಣದ ದೋಷವೂ ಅಲ್ಲ ಎಂದು ವೈದ್ಯರಿಂದ ಕೇಳಿದ್ದನ್ನೆಲ್ಲ ಅವನು ತಡವರಿಸುತ್ತ ಹೇಳಿದ. ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತಡವಾಗುತ್ತದೆ, ಆದರೆ ಆಗುತ್ತದೆ. ಕಿವಿ, ಕಣ್ಣು, ಥೈರಾಯ್ಡ್ ಆಗಾಗ ಪರೀಕ್ಷಿಸುತ್ತಿರಬೇಕು. ತನ್ನ ಊಹೆ ತಪ್ಪಿರಲೂಬಹುದು, ರಕ್ತ ಪರೀಕ್ಷೆಯಿಂದಲೇ ಖಚಿತವಾಗಬೇಕು ಎಂದೂ ಸೇರಿಸಿದ. ತಿರುಗಿದ ಯಾವ ಊರಿನಲ್ಲೂ ಯಾರೊಡನೆಯೂ ಆಡಿರದ ಮಾತುಗಳು ಅವು. ಕೇಳುವವರ ಮುಖಗಳು ಒಂದೊಂದಾಗಿ ಬಿಗಿದವು.

ಅಮೃತವ್ವ ಎದ್ದು ನಿಂತಳು. “ನಿನ್ನ ಮನಿ ದುಃಖ ನಮ್ಮ ಕಟ್ಟಿಗಿ ಯಾಕ ತಂದಿಯೋ? ಇನ್ನ ಈ ಓಣ್ಯಾಗ ಕಾಲಿಡಬ್ಯಾಡ.”

ಹೆಂಗಸರು ಸೆರಗಿನೊಳಗೆ ಕೈ ಎಳೆದುಕೊಂಡು ಚದುರಿದರು. ಶೈಲಾ ಮಾತ್ರ ಅವನನ್ನೇ ನೋಡುತ್ತಿದ್ದಳು.

“ನಿಮ್ಮ ಮಗಳು ಮಾತಾಡ್ತಾಳೇನ್ರಿ, ಅಣ್ಣಾರ?”

“ಐದ ವರ್ಷಕ್ಕ ನನ್ನ ಅಬ್ಬಾ ಅಂತ ಕರದ್ಲವಾ. ಈಗ ಬಾಯಿ ಮುಚ್ಚಂದ್ರೂ ಮುಚ್ಚಂಗಿಲ್ಲ.”

ಅವಳು ಕೂಸನ್ನು ಎದೆಗೊತ್ತಿಕೊಂಡು, ಅತ್ತೆಯತ್ತ ತಿರುಗದೆಯೇ, “ನಾಳೆ ಗದಗಿಗೆ ಹೋಗತೀನ್ರಿ ಅತ್ತಿ,” ಎಂದಳು. ಮುದುಕಿ ಒಳನಡೆದು ಬಾಗಿಲನ್ನು ಅರ್ಧ ಮುಚ್ಚಿದಳು.

ಇನ್ನೊಂದಿಷ್ಟು ಹೊತ್ತು ಕೂತು ಮಾತಾಡಬೇಕೆಂದು ಗೌಸಸಾಬನ ಜೀವ ತುಡಿಯಿತು. ಸುತ್ತಲಿನ ಸೀಮೆಯಲ್ಲಿ ತನ್ನ ಮಾತು ತಿಳಿದವಳು ಇವಳೊಬ್ಬಳೇ. ಆದರೆ ತಾನು ಪರವೂರಿನ ಗಂಡಸು, ಅವಳು ಹರೆಯದ ಸೊಸೆ. ಕಿಟಕಿಗಳ ಸಂದಿಯಿಂದ ಓಣಿ ನೋಡುತ್ತಿತ್ತು. ಅವನು ಬಳೆಯ ಸರಗಳನ್ನು ಜೋಡಿಸಿ, ಬಟ್ಟೆ ಸುತ್ತಿ, ಬಳೆಯ ಗಂಟಾದ ಮಲಾರವನ್ನು ಹೆಗಲಿಗೇರಿಸಿದ; ಸುದ್ದಿ ತನಗಿಂತ ಮೊದಲೇ ಮುಟ್ಟಿರುವ ಮುಂದಿನ ಓಣಿಯನ್ನು ಬಿಟ್ಟು ಮುಂಡರಗಿಯ ದಾರಿ ಹಿಡಿದ.